ಜೊತೆಗೆ ಬಿಡುವವರು

ಮನೆಯ ಹೊಲಿಗೆ ಕೋಣೆಯಿಂದ
ಮಾರ್ಚ್ ೧೨, ಬುಧವಾರ

ಪ್ರೀತಿಯ ಮಗನಿಗೆ,

ಹೇಗಿದ್ದೀಯಪ್ಪಾ? ಕೆಮ್ಮು ಕಡಿಮೆಯಾಯಿತೇ? ಲಾರಿ ಓಡಿಸುವಾಗ ಸೊಂಟಕ್ಕೆ ದಿಂಬು ಕೊಟ್ಟುಕೋ ಎಂದಿದ್ದೆ, ಕೊಟ್ಟುಕೊಂಡಿರಲಾರೆ. ನನ್ನ ಮಾತು ನೀನು ಯಾವತ್ತು ಕೇಳಿದ್ದೀಯ! ಎಂಟು ದಿನದಿಂದ ನನ್ನ ಫೋನ್ ಎತ್ತುತ್ತಿಲ್ಲ. ನಿನ್ನ ಹೆಂಡತಿಗೆ ಮಾತ್ರ "ಲೋಡಲ್ಲಿದೀನಿ" ಅಂತ ಒಂದು ಮೆಸೇಜು. ಕಾಗದವಾದರೆ ಓದದೆ ವಿಧಿಯಿಲ್ಲವಲ್ಲ ಎಂದು ನಿನ್ನ ಲಾರಿ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಾನು ಕ್ಷೇಮ ಎಂದು ಬರೆಯಬೇಕು, ಆದರೆ ನಸ್ಯ ಬಿಟ್ಟಾಗಿನಿಂದ ತಲೆ ಕೆಟ್ಟು ಹೋಗಿದೆ ಕಣೋ. ಮೂವತ್ತು ವರ್ಷ, ಮೆಷಿನ್ನಿನ ಅಡಿಯ ಬಾಬಿನ್ನಿನ ನೂಲು ಮುಗಿದಾಗಲೆಲ್ಲ ಮೊದಲು ಮೂಗಿಗೆ ಒಂದು ಚಿಟಿಕೆ ಏರಿಸಿ, ಆಮೇಲೆ ಮೆಷಿನ್ನಿಗೆ ಹೊಸ ಬಾಬಿನ್ ಹಾಕಿದವಳು ನಾನು. ಈಗ ನೂಲು ಮುಗಿಯುವುದೆಂದರೇ ಹೆದರಿಕೆ. ಮೊನ್ನೆ ಬಾಬಿನ್ ನೋಡುವುದೇ ಬೇಡವೆಂದು ತಲೆ ತಗ್ಗಿಸಿ ತುಳಿದೇ ತುಳಿದೆ. ಆಸ್ಪತ್ರೆಯವರು ಹೊಲಿಯಲು ಕೊಟ್ಟ ಉದ್ದದ ಪರದೆ, ಎತ್ತಿ ನೋಡಿದರೆ ಅಡಿನೂಲು ಯಾವಾಗಲೋ ಮುಗಿದು ಅರ್ಧಕ್ಕೂ ಹೆಚ್ಚು ಬರೀ ಸೂಜಿಯ ತೂತು, ಹೊಲಿಗೆಯೇ ಕೂತಿಲ್ಲ! ನಿನ್ನ ಹೆಂಡತಿ ನಕ್ಕು, "ನಸ್ಯ ತಾನೇ ಅತ್ತೆ, ಹೆಂಡ ಬಿಟ್ಟೋರ ಹಾಗೆ ಆಡ್ತೀರಲ್ಲ" ಅಂದಳು. ನಾನೂ ಸುಮ್ಮನಿರಲಿಲ್ಲ ಬಿಡು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಂದು ಸೀನು ಬಂದರೆ ಸಾಕು, ಅಡುಗೆಮನೆಯಿಂದ ಇಣುಕಿ ನನ್ನ ಮೂಗು ನೋಡುತ್ತಾಳೆ.

ಆಸ್ಪತ್ರೆಯಲ್ಲಿ ಹೊಗೆಸೊಪ್ಪಿನ ಚಟ ಬಿಡಿಸುವ ಸಭೆ ಇದೆಯಲ್ಲ, ವಾರಕ್ಕೊಮ್ಮೆ ಅಲ್ಲಿಗೂ ಹೋಗುತ್ತೇನೆ. ಎಲ್ಲ ಸಿಗರೇಟಿನ ಗಂಡಸರು. ಮೊದಲ ದಿನ ಅಲ್ಲಿನ ಹುಡುಗಿ "ದಿನಕ್ಕೆ ಎಷ್ಟು ಸೇದ್ತಿದ್ರಿ ಅಜ್ಜಿ?" ಎಂದು ಕೇಳಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಒಳ್ಳೆಯವಳು. ಆಸೆ ಬಂದಾಗ ಐದು ನಿಮಿಷ ತಡೀರಿ, ನೀರು ಕುಡೀರಿ, ಜೊತೆಗೆ ಬಿಡೋರು ಒಬ್ಬರನ್ನ ಇಟ್ಕೊಳ್ಳಿ ಅಂದಳು. ನನ್ನ ಮಗನೇ ಇದ್ದಾನಮ್ಮ ಎಂದು ಎದೆಯುಬ್ಬಿಸಿ ಹೇಳಿದೆ. ಡಾಕ್ಟರು ನಿನ್ನ ಎದೆಯ ಫೋಟೊ ನೋಡಿ ಸಿಗರೇಟು ಬಿಡಲೇಬೇಕು ಎಂದ ದಿನ, "ನೀನು ನಸ್ಯ ಬಿಡಮ್ಮಾ, ನಾನೂ ಬಿಡ್ತೀನಿ" ಎಂದವನು ನೀನೇ ತಾನೇ? ಎರಡು ವಾರ ದಿನಾ ಸಂಜೆ ಫೋನ್ ಮಾಡಿದೆ. ಆಮೇಲೆ ನನ್ನನ್ನು ನಡುನೀರಿನಲ್ಲಿ ಕೈಬಿಟ್ಟೆ. ನನಗೆ ಎಷ್ಟು ಸಿಟ್ಟು ಬಂದಿದೆ ಎಂದು ಬರೆಯಲು ಈ ಹಾಳೆ ಸಾಲದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ತೂಕಡಿಕೆ ಬಂದರೆ ಗಾಡಿ ನಿಲ್ಲಿಸಿ ಮಲಗು. ಸಿಟ್ಟಿನಲ್ಲೇ ಹರಸುತ್ತಿದ್ದೇನೆ, ಆದರೂ ನೂರು ವರ್ಷ ಬಾಳು.

ನಿನ್ನ ಅಮ್ಮ

ಮ.ವಿ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ನೀನು ಮತ್ತೆ ಸೇದುತ್ತಿದ್ದೀಯ, ಅದಕ್ಕೇ ಫೋನ್ ಎತ್ತುತ್ತಿಲ್ಲ. ಹೆತ್ತವಳಿಗೆ ಅಷ್ಟೂ ತಿಳಿಯದೇ? ಬೈಯೋಣವೆಂದರೆ ನನಗೇ ಬಾಯಿಲ್ಲ. ಮೊನ್ನೆ ಆ ಪರದೆ ಬಿಚ್ಚಲು ಕೂತಾಗ ತಡೆಯಲಾಗದೆ ಅಂಗಡಿಯಿಂದ ಒಂದು ಪೊಟ್ಟಣ ತಂದು ಮೂರು ಸಲ ಏರಿಸಿದೆ. ನಿನ್ನೆ ಸಭೆಯಲ್ಲಿ ಇಪ್ಪತ್ತಮೂರು ದಿನ ಆಯಿತು ಎಂದು ಸುಳ್ಳು ಹೇಳಿ ಚಪ್ಪಾಳೆಯನ್ನೂ ಹೊಡೆಸಿಕೊಂಡೆ. ಉಳಿದದ್ದನ್ನು ಈಗಷ್ಟೇ ಬಚ್ಚಲಿಗೆ ಸುರಿದು ಬಂದೆ. ನೀನೂ ಎಸೆದು ಫೋನ್ ಮಾಡು. ನಾನೇನೂ ಕೇಳುವುದಿಲ್ಲ. ಒಬ್ಬಳ ಕೈಲಿ ಆಗುತ್ತಿಲ್ಲ ಮಗಾ.