ನನ್ನ ಕಾಲಡಿಯ ಬ್ರೇಕ್

ಮಾರ್ಚ್ 3, ಬೆಳಗ್ಗೆ 9.20

ಮತ್ತೆ ಗಂಟೆ. ಫೋನಿನೊಳಗಿನಿಂದ, ಟಿಣ್ ಅಂತ. ಹೊಡೆದಾಗಲೆಲ್ಲ ಮಾಡುತ್ತಿರುವುದನ್ನು ಬಿಟ್ಟು, ಮೈ ಎಲ್ಲಿದೆ, ಕೈಕಾಲು ಏನು ಮಾಡುತ್ತಿವೆ ಅಂತ ಗಮನಿಸಿ ಬರೆಯಬೇಕಂತೆ. ಬರೆದಿದ್ದನ್ನು ಯಾರೂ ಓದುವುದಿಲ್ಲವಂತೆ. ಮತ್ತೆ ಬರೆಸುವುದೇಕೆ?

ಮೈ: ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿದೆ, ಕಲಿಸುವವನ ಸೀಟಿನಲ್ಲಿ. ಅರ್ಧ ಆಯುಷ್ಯ ಅಲ್ಲೇ ಕಳೆದಿದೆ. ಕೈ: ತೊಡೆಯ ಮೇಲೆ. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದು ಬೆವರುತ್ತಿರುವವನು ಬ್ಯಾಂಕ್ ಮ್ಯಾನೇಜರ್. ಗೇರ್ ಹಾಕುವಾಗ ನಾಲಿಗೆ ಹೊರಗೆ ಬರುತ್ತದೆ. ಇವನ ಕೈಗೆ ಜನ ದುಡ್ಡು ಕೊಡುತ್ತಾರೆ.

ಇದೆಲ್ಲ ನಮ್ಮ ಮಾಲೀಕನ ಕೆಲಸ. ಕಾರಿಗೆ ಹೊಸ ಟಯರ್ ಹಾಕಿಸುವ ಯೋಗ್ಯತೆಯಿಲ್ಲ, ನಮಗೆ ‘ಪ್ರತಿಕ್ಷಣ ಎಚ್ಚರ’ ಅಂತ ಟ್ರೈನಿಂಗ್. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಟ್ರೈನಿಂಗ್ ಕೊಡುವವನು ಮಾತಿಗೊಮ್ಮೆ ಉಸಿರೆಳೆದುಕೊಳ್ಳುತ್ತಾನೆ. ಉಸಿರಣ್ಣ ಅಂತ ಹೆಸರಿಟ್ಟಿದ್ದೇನೆ. ಅವನಿಗೆ ಕಾರು ಓಡಿಸಲು ಬರುವುದಿಲ್ಲ. ಬಸ್ಸಿನಲ್ಲಿ ಬಂದು ನನಗೆ ಎಚ್ಚರ ಕಲಿಸುತ್ತಾನೆ.

ಮಾರ್ಚ್ 5, ರಾತ್ರಿ

ಮಗಳು ಲೈಸೆನ್ಸ್ ಪರೀಕ್ಷೆಯಲ್ಲಿ ಮತ್ತೆ ಫೇಲ್. ಎರಡನೇ ಸಲ. ಇಷ್ಟು ತಿಂಗಳು ನಾನೇ ಕಲಿಸಿದವಳು! ಆಫೀಸಿನ ಹುಡುಗಿಯರು ಮುಖ ಆಚೆ ತಿರುಗಿಸಿ ನಕ್ಕರು.

ಕಾರಣ ಹೋದ ಸಲದ್ದೇ. ಬ್ರೇಕ್ ಹಿಡಿಯುವುದಿಲ್ಲ. ಕಂಬ ಮೂಗಿನ ತುದಿಗೆ ಬಂದರೂ ಸುಮ್ಮನೆ ಕೂತಿದ್ದಳಂತೆ, ಕೊನೆಗೆ ಇನ್‌ಸ್ಪೆಕ್ಟರೇ ಹ್ಯಾಂಡ್‌ಬ್ರೇಕ್ ಎಳೆದನಂತೆ. ಕೇಳಿದರೆ, ನಮ್ಮ ಕಾರು ಚೆನ್ನಾಗಿ ನಿಲ್ಲುತ್ತದೆ, ಪರೀಕ್ಷೆಗೆ ಕೊಡುವ ಕಾರಿನ ಬ್ರೇಕೇ ಸರಿಯಿಲ್ಲ ಅನ್ನುತ್ತಾಳೆ. ಕುಣಿಯಲಾರದವಳಿಗೆ ನೆಲ ಡೊಂಕು.

ಅವಳಿಗೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಕಾರಿನಲ್ಲಿ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರಬೇಕು. ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸದಿದ್ದರೆ ಬೇರೆಯವರಿಗೆ ಕೊಡುತ್ತಾರೆ. ಇನ್ನು ಒಂದೇ ಪರೀಕ್ಷೆ, 27ಕ್ಕೆ.

ಸೂಜಿ ಚುಚ್ಚಲು ಬರುವವಳಿಗೆ ಬ್ರೇಕ್ ಒತ್ತಲು ಬರುವುದಿಲ್ಲವೇ, ತಲೆಯಲ್ಲಿರುವುದು ಮೆದುಳೋ ಮಣ್ಣೋ ಅಂದೆ. ಊಟ ಬಿಟ್ಟು ಎದ್ದು ಹೋದಳು. ಹೆಂಡತಿ ಲೋಟ ಕುಕ್ಕಿದಳು.

“ನಿಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ತಟ್ಟೆ ನೊಣಾನೇ ಕಾಣೋದು ನಿಮಗೆ.”

ನನ್ನ ತಟ್ಟೆಯಲ್ಲಿ ಏನಿದೆ? ಅನ್ನ ಇತ್ತು. ತಿಂದೆ.

ಮಾರ್ಚ್ 8

ಟ್ರೈನಿಂಗ್. ಬೂಟು ಬಿಚ್ಚಿ ನಿಂತು ಪಾದ ಗಮನಿಸಿ ಅಂದ ಉಸಿರಣ್ಣ. ಲಾರಿ ಕಲಿಸುವ ಹಿರಿಯರ ಕಾಲುಚೀಲ ತೂತಾಗಿ ಹೆಬ್ಬೆರಳು ಇಣುಕುತ್ತಿತ್ತು. ಎಲ್ಲರೂ ಅದನ್ನೇ ಗಮನಿಸಿದೆವು.

ನಿಮಗೇನು ಅನುಭವ ಆಯಿತು ಅಂತ ನನ್ನನ್ನು ಕೇಳಿದ. ನೆಲ ಅಂದೆ. ಅದ್ಭುತ ಅಂದ. ಇಂಥವರಿಗೂ ಸಂಬಳ ಸಿಗುತ್ತದೆ.

ಮಾರ್ಚ್ 11, ಸಂಜೆ

ಮಗಳ ಪ್ರಾಕ್ಟೀಸ್. ಮಾರ್ಕೆಟ್ ಹಿಂದಿನ ಕ್ರಾಸಿನಲ್ಲಿ ಕಾರು ನಿಲ್ಲುವ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯಿತು. ಹಾಳಾದ್ದು. ಅಭ್ಯಾಸ ಬಲ, ಕಾಲು ನೋಡಿಕೊಂಡೆ.

ಬಲಗಾಲು ನನ್ನ ಕಡೆಯ ಬ್ರೇಕಿನ ಮೇಲಿತ್ತು. ಸುಮ್ಮನೆ ಇಟ್ಟಿದ್ದಲ್ಲ… ಪೂರ್ತಿ ಒತ್ತಿತ್ತು.

ಆ ಪೆಡಲ್ ಇರುವುದು ಅನಾಹುತ ತಪ್ಪಿಸಲು. ನಾನು ಒತ್ತಿದರೆ ಕಲಿಯುವವರ ಕಾಲಡಿಯ ಪೆಡಲೂ ಜೊತೆಗೇ ಕೆಳಗಿಳಿಯುತ್ತದೆ. ತಾವೇ ಒತ್ತಿದ್ದು ಅಂದುಕೊಳ್ಳುತ್ತಾರೆ. ಆದರೆ ಈಗ ಅನಾಹುತ ಯಾವುದಿತ್ತು? ನಾನು ಯಾವಾಗ ಒತ್ತಿದೆ?

“ನೋಡಪ್ಪ, ಎಷ್ಟು ಚೆನ್ನಾಗಿ ನಿಲ್ಲಿಸ್ದೆ,” ಅಂದಳು. ಮುಖ ಅರಳಿತ್ತು.

ಮಾರ್ಚ್ 12

ಬ್ಯಾಂಕ್ ಮ್ಯಾನೇಜರ್ ಜೊತೆ ಇಡೀ ಗಂಟೆ ಕಾಲನ್ನೇ ಕಾದೆ. ಎತ್ತುತ್ತೇನೆ, ಮತ್ತೆ ಹೋಗಿ ಕೂರುತ್ತದೆ, ಸಾಕಿದ ಬೆಕ್ಕಿನ ಹಾಗೆ. ಅವನು ನಿಲ್ಲಿಸಿದ ಕಡೆಯೆಲ್ಲ ನಿಲ್ಲಿಸಿದ್ದು ನಾನು. ಎಲ್ಲ ಕಡೆಯೂ.

ಹಾಗಾದರೆ ಇಷ್ಟು ವರ್ಷ ನನ್ನ ಕೈಯಲ್ಲಿ ಪಾಸಾದವರು? ಪರೀಕ್ಷೆಗೆ ಮೊದಲೇ ಬೇರೆ ಕಾರಿನಲ್ಲಿ ತಾವೇ ಎಲ್ಲೋ ಗುದ್ದಿ ಕಲಿತಿರಬೇಕು. ದೊಡ್ಡ ಗುರು ನಾನು. ಥೂ.

ರಾತ್ರಿ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಟೇಬಲ್ಲಿನ ಕೆಳಗೆ ಕಾಲು ನೆಲವನ್ನು ಒತ್ತಿತು.

ಮಾರ್ಚ್ 20

ಒಂದು ವಾರ ಬರೆಯಲಿಲ್ಲ. ಗಂಟೆ ಹೊಡೆದರೆ ಫೋನನ್ನು ದಿಂಬಿನ ಕೆಳಗೆ ತುರುಕಿದೆ.

ಇವತ್ತು ಮಗಳಿಗೆ ಹೇಳಿದೆ. ಖಾಲಿ ಮೈದಾನದಲ್ಲಿ, ಕಾರು ನಿಲ್ಲಿಸಿ. ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಕೇಳಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ನನ್ ತಲೇಲಿ ನಿಜವಾಗ್ಲೂ ಮಣ್ಣೇ ಇದೆ ಅಂತ ನಂಬ್ಬಿಟ್ಟಿದ್ದೆ ಅಪ್ಪ,” ಅಂದಳು.

ಇಲ್ಲಿ ನೆಲವೂ ಡೊಂಕಿರಲಿಲ್ಲ, ಕುಣಿಯುವವಳೂ ಸರಿಯಿದ್ದಳು. ನಾಚಿಕೆಯಾಯಿತು. ಬರೆದಿದ್ದೇನೆ, ಸಾಕು.

ಆಮೇಲೆ ಅವಳೇ ಹುಕುಂ ಮಾಡಿದಳು: ಕಾಲು ಮಡಚಿ ಸೀಟಿನ ಮೇಲೆ ಇಟ್ಟುಕೊಳ್ಳಬೇಕು. ಈ ವಯಸ್ಸಿನಲ್ಲಿ, ಕಾರಿನಲ್ಲಿ, ಚಕ್ಕಳಮಕ್ಕಳ ಹಾಕಿ ಕೂತೆ. ಉಸಿರಣ್ಣ ನೋಡಿದ್ದರೆ ಫೋಟೊ ಹೊಡೆದು ಗೋಡೆಗೆ ಹಾಕುತ್ತಿದ್ದ.

ಮೊದಲ ಸಲ ಕಸದ ಡ್ರಮ್ಮಿಗೆ ಗುದ್ದಿದಳು. ಬಂಪರ್ ತಗ್ಗಾಯಿತು. ಎರಡನೇ ಸಲ ಡ್ರಮ್ಮಿನ ಮುಂದೆ ನಿಲ್ಲಿಸಿದಳು, ತಲೆ ಗಾಜಿಗೆ ಬಡಿಯುವ ಹಾಗೆ. ಕತ್ತಲಾಗುವ ಹೊತ್ತಿಗೆ ಮೆತ್ತಗೆ. ಬಂಪರ್ ತಗ್ಗು ಮಾಡಿದ್ದು ನಾನೇ ಅಂತ ಮಾಲೀಕನಿಗೆ ಹೇಳಿದೆ. ಸುಳ್ಳೇನಲ್ಲ.

ಮಾರ್ಚ್ 27, ಮಧ್ಯಾಹ್ನ

ಪಾಸ್. ಇನ್‌ಸ್ಪೆಕ್ಟರ್ ಮುಖ ನೋಡಿದರೆ ಸ್ವಂತ ಆಸ್ತಿ ಬರೆದುಕೊಟ್ಟ ಹಾಗಿತ್ತು. ಕೊಡಲಿ ಬಿಡಲಿ, ಲೈಸೆನ್ಸ್ ಕೈಯಲ್ಲಿದೆ.

ಮನೆಯ ಕಾರಿನ ಕೀಲಿಗೆ ಕೈ ಚಾಚಿದೆ. ಮಗಳು ಕೊಡಲಿಲ್ಲ. “ಹಿಂದೆ ಕೂತ್ಕೋ,” ಅಂದಳು. ಹೆಂಡತಿ ಆಗಲೇ ಮುಂದೆ ಕೂತಿದ್ದಳು. ಮಾತು ಮುಗಿಯಿತು.

ಹಿಂದೆ ಪೆಡಲ್ ಇಲ್ಲ. ಬಾಯಿ ಮುಚ್ಚಿಕೊಂಡಿರಲು ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕಾಲು.

ಸಿಗ್ನಲ್. ಕೆಂಪು. ಇವಳು ಇನ್ನೂ ಹಿಡಿದಿಲ್ಲ. ಹೇಳಬಾರದು… ಹೇಳಬಾರದು… ನಿಂತಿತು. ಪೆನ್ನು ಕೂಡ ಅಲುಗಲಿಲ್ಲ.

ಗಂಟೆ ಹೊಡೆದಿಲ್ಲ. ಆದರೂ ಕಾಲು ನೋಡಿಕೊಂಡೆ. ಮುಂದಿನ ಸೀಟಿನ ಕೆಳಗೆ ತೂರಿಕೊಂಡು ಒತ್ತುತ್ತಿತ್ತು, ದರಿದ್ರ ಕಾಲು. ಎಳೆದು ಮಡಚಿ ಮೇಲಿಟ್ಟುಕೊಂಡಿದ್ದೇನೆ. ಹೆಂಡತಿ ಕನ್ನಡಿಯಲ್ಲಿ ನೋಡಿ ನಗುತ್ತಿದ್ದಾಳೆ. ನಗಲಿ.

ಹಸಿರು. ಹೊರಟೆವು. ಮುಂದೆ ಬಸ್ಸು ಅಡ್ಡ ತಿರುಗುತ್ತಿದೆ, ಆ ಡ್ರೈವರ್ ಎಲ್ಲಿ ಕಲಿತನೋ ಪುಣ್ಯಾತ್ಮ, ಇವಳು ನೋಡಿದಳೋ ಇಲ್ಲವೋ, ಹೇಳುವುದಿಲ್ಲ, ನಾನು ಹೇಳುವುದಿಲ್ಲ. ಕಾಲು ಮೇಲೇ ಇದೆ. ನಿಲ್ಲಿಸಿದಳು.