ಮಾಯಣ್ಣನ ಕಿವಿಯ ವಿರುದ್ಧ ಒಂದು ತೆಂಗಿನಕಾಯಿಯ ಸಾಕ್ಷ್ಯ

ವಿಕಲಚೇತನರ ಹಕ್ಕುಗಳನ್ನು ಕಾಯುವ ರಾಷ್ಟ್ರಮಟ್ಟದ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಕಳೆದ ಜುಲೈ ಎಂಟರಂದು ನಿಮ್ಮ ಕಚೇರಿಯವರು ಕಿವಿ ಕೇಳಿಸದ ಒಬ್ಬ ಮನುಷ್ಯನಿಗೆ ಮೂರು ಸಲ ಫೋನ್ ಮಾಡಿ, ಅವನು ಎತ್ತಲಿಲ್ಲವೆಂಬ ಕಾರಣಕ್ಕೆ ಅವನ ದೂರನ್ನು ಮುಕ್ತಾಯಗೊಳಿಸಿದ್ದಾರೆ. ಮೊದಲ ಕರೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಎರಡನೆಯದು ಹನ್ನೊಂದು ಹನ್ನೆರಡಕ್ಕೆ, ಮೂರನೆಯದು ಹನ್ನೊಂದು ಹದಿನೈದಕ್ಕೆ. ಐದು ನಿಮಿಷದಲ್ಲಿ ವಿಚಾರಣೆ ಮುಗಿಯಿತು. ಅವನ ದೂರು ಇದ್ದದ್ದು ಇಷ್ಟೇ: ತನಗೆ ಕಿವಿ ಕೇಳಿಸುವುದಿಲ್ಲವೆಂದರೆ ಸರ್ಕಾರ ನಂಬುತ್ತಿಲ್ಲ. ನಿಮ್ಮ ಈ ಮೂರು ಕರೆಗಳಿಗಿಂತ ಒಳ್ಳೆಯ ಪುರಾವೆಯನ್ನು ಅವನ ಪರವಾಗಿ ಈವರೆಗೆ ಯಾರೂ ಒದಗಿಸಿರಲಿಲ್ಲ. ಆದರೂ ಸೋತವನು ಅವನೇ.

ಅವನ ಹೆಸರು ಮಾಯಣ್ಣ. ಹೊನ್ನವಳ್ಳಿಯಿಂದ ಸ್ವಲ್ಪ ಒಳಗಿರುವ ನಮ್ಮ ಹಳ್ಳಿಯಲ್ಲಿ ಕಾಯಿ ಸುಲಿಯುತ್ತಾನೆ, ನಮ್ಮ ಮನೆಯ ಕಾಯಿಯನ್ನೂ. ನಾನು ಅವನನ್ನು ಏಕವಚನದಲ್ಲಿ ಬರೆಯುತ್ತಿರುವುದು ಇಪ್ಪತ್ತು ವರ್ಷದ ಸಲುಗೆಯಿಂದ. ನಿಮಗೆ ಆ ಸಲುಗೆ ಇಲ್ಲವಾದ್ದರಿಂದ ಉತ್ತರ ಬರೆಯುವಾಗ ದಯವಿಟ್ಟು ಬಹುವಚನ ಬಳಸಿ.

ನಿಮ್ಮ ಕಚೇರಿಯಲ್ಲಿ ತೆಂಗಿನ ಸೀಮೆಯವರು ಇಲ್ಲದೆ ಹೋದರೆ ಎಂದು ಒಂದು ಸಂಗತಿ ವಿವರಿಸುತ್ತೇನೆ. ಉಂಡೆ ಕೊಬ್ಬರಿ ಬೇಕೆಂದರೆ ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯಲು ನಾವೆಲ್ಲ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಗಡಗಡ ಎಂದರೆ ಆಯಿತು. ಅವಸರಪಟ್ಟು ಒಡೆದರೆ ಅಷ್ಟು ತಿಂಗಳ ಕಾಯುವಿಕೆ ವ್ಯರ್ಥ.

ಮಾಯಣ್ಣ ಕಾಯಿಯನ್ನು ಕಿವಿಗೆ ಹಿಡಿಯುವುದಿಲ್ಲ. ಎರಡೂ ಅಂಗೈಗಳ ನಡುವೆ, ಎದೆಯ ಮಟ್ಟದಲ್ಲಿ ಹಿಡಿದು ಒಂದೇ ಸಲ ಕುಲುಕುತ್ತಾನೆ. ನೀರಿದ್ದರೆ ಅದು ಅಂಗೈಯನ್ನು ತಳ್ಳುತ್ತದಂತೆ, ಕೊಬ್ಬರಿಯಾಗಿದ್ದರೆ ತಟ್ಟುತ್ತದಂತೆ. ಆಗಿದ್ದರೆ ಬೆರಳಿನ ಗೆಣ್ಣಿನಿಂದ ತನ್ನ ಅಂಗೈಗೆ ಎರಡು ಸಲ ಕುಟ್ಟಿ ತೋರಿಸುತ್ತಾನೆ. ಆಗದಿದ್ದರೆ ಅಂಗೈಯನ್ನು ಬಟ್ಟಲು ಮಾಡಿ ಅತ್ತಿತ್ತ ತೂಗುತ್ತಾನೆ, ಒಳಗೆ ಇನ್ನೂ ನೀರಿದೆ ಎಂದು. ಪಕ್ಕದಲ್ಲಿ ಟ್ರ್ಯಾಕ್ಟರ್ ಗುಡುಗುತ್ತಿದ್ದರೆ ನಾವು ಕಿವಿ ಇದ್ದೂ ತಪ್ಪುತ್ತೇವೆ, ಅವನು ತಪ್ಪುವುದಿಲ್ಲ. ಅವನು ತಪ್ಪಿದ್ದನ್ನು ನಾನು ನೋಡಿಲ್ಲ ಎಂದು ತಿದ್ದಿಕೊಳ್ಳುತ್ತೇನೆ.

ಇದನ್ನು ಗಮನಿಸಿಯೇ ನಮ್ಮ ಕಡೆಯ ತೆಂಗು ಬೆಳೆಗಾರರ ಸಂಘದವರು ಕಳೆದ ಡಿಸೆಂಬರಿನಲ್ಲಿ ಅವನನ್ನು ಕೊಬ್ಬರಿಯ ಗುಣಮಟ್ಟ ನೋಡುವ ಸಹಾಯಕನ ಹುದ್ದೆಗೆ ಆರಿಸಿದರು. ವಿಕಲಚೇತನರಿಗೆ ಮೀಸಲಾದ ಹುದ್ದೆ ಅದು. ಇಪ್ಪತ್ತು ಕಾಯಿ ಮುಂದಿಟ್ಟರು, ಇಪ್ಪತ್ತನ್ನೂ ಸರಿಯಾಗಿ ಹೇಳಿದ. ಅವನ ಬದುಕಿನಲ್ಲಿ ಕುರ್ಚಿಯ ಮೇಲೆ ಕೂತು ಮಾಡಬಹುದಾದ ಮೊದಲ ಕೆಲಸ ಅದು. ಆ ಕುರ್ಚಿಯನ್ನು ನೋಡಿಕೊಂಡು ಬರಲು ಹೆಂಡತಿ ಧನಲಕ್ಷ್ಮಿಯನ್ನು ಕರೆದುಕೊಂಡು ಹೋಗಿದ್ದ. ಇನ್ನು ಬೇಕಿದ್ದದ್ದು ವಿಕಲಚೇತನರಿಗೆ ಕೊಡುವ, ಚಾಲ್ತಿಯಲ್ಲಿರುವ ಗುರುತಿನ ಚೀಟಿ ಒಂದೇ. ಸಂಘದ ಕಾರ್ಯದರ್ಶಿ ಗಂಗಾಧರಯ್ಯನವರು ಒಂಬತ್ತು ತಿಂಗಳಿಂದ ಆ ಕುರ್ಚಿಯನ್ನು ಖಾಲಿ ಇಟ್ಟುಕೊಂಡಿದ್ದಾರೆ. ಮೊನ್ನೆ ನನ್ನನ್ನು ಕಂಡು, "ಈ ತಿಂಗ್ಳು ಮೂವತ್ತರ ಗಂಟ ಕಾಯ್ತೀನಿ ಕಣ್ರಮ್ಮ. ಆಮೇಲೆ ನನ್ ಕೈಲಿಲ್ಲ," ಎಂದರು.

ಚೀಟಿ ಎಲ್ಲಿ ಹೋಯಿತು ಎಂದು ಕೇಳುತ್ತೀರಿ. ಜನವರಿ ಹತ್ತೊಂಬತ್ತರಂದು, ನಕಲಿ ಚೀಟಿಗಳನ್ನು ಪತ್ತೆ ಹಚ್ಚುವ ಸ್ಥಳ ಪರಿಶೀಲನೆಗೆಂದು ಒಬ್ಬರು ಅಧಿಕಾರಿಗಳು ಬಂದರು. ನಕಲಿಗಳನ್ನು ಹಿಡಿಯಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಮಾಯಣ್ಣ ಅಂದು ನಮ್ಮ ಅಂಗಳದಲ್ಲಿ ಕೆಲಸದಲ್ಲಿದ್ದ. ಅಧಿಕಾರಿಗಳು ತುರುವೇಕೆರೆ ಕಡೆಯವರು. ಎಡವಟ್ಟಾದದ್ದೇ ಅಲ್ಲಿ. ಬೇರೆ ಸೀಮೆಯವರಾಗಿದ್ದರೆ ಫೈಲು ತೆರೆದು ಕೂರುತ್ತಿದ್ದರು. ನಮ್ಮ ಸೀಮೆಯವರು ಮದುವೆಗೆ ಬಂದಿರಲಿ, ಸಾವಿಗೆ ಬಂದಿರಲಿ, ಅಂಗಳದಲ್ಲಿ ರಾಶಿ ಕಂಡರೆ ಒಂದು ಕಾಯಿ ಎತ್ತಿ ಕಿವಿಗೆ ಹಿಡಿಯದೆ ಇರಲಾರರು.

ಎತ್ತಿದರು, ಅಲ್ಲಾಡಿಸಿದರು, "ಇದು ಆಗೈತೆ ಕಣ್ರೀ," ಎಂದು ನನ್ನ ಕಡೆ ತಿರುಗಿದರು. ಮಾಯಣ್ಣ ಅವರ ಮುಖ ನೋಡಿದ. ಕಾಯಿ ಈಸಿಕೊಂಡು ಕುಲುಕಿದ. ಅಂಗೈ ತೂಗಿದ. ಸಾಹೇಬರಿಗೆ ಸ್ವಲ್ಪ ಹಟ ಬಂತು. ಅಲ್ಲೇ ಒಡೆಸಿದರು. ಒಂದು ಬೊಗಸೆ ನೀರು ಅವರ ಪ್ಯಾಂಟಿನ ಮೇಲೂ ಕೈಯಲ್ಲಿದ್ದ ಫೈಲಿನ ಮೇಲೂ ಚೆಲ್ಲಿತು. ಆಗ ಅವರು ಆಡಿದ ಮಾತನ್ನು ಇದ್ದಹಾಗೇ ಬರೆಯುತ್ತೇನೆ: "ನಂಗೇ ಗೊತ್ತಾಗಲಿಲ್ಲ, ಇವನಿಗೆ ಗೊತ್ತಾಯ್ತು ಅಂದ್ರೆ ನಂಗಿಂತ ಚೆನ್ನಾಗಿ ಕೇಳಿಸ್ತೈತೆ ಇವನಿಗೆ."

ಚಿಪ್ಪು ಆರಿಸುತ್ತಿದ್ದ ಧನಲಕ್ಷ್ಮಿ ತಲೆ ಎತ್ತಿದಳು. "ಕೇಳಿಸಂಗಿದ್ರೆ ಮೊದ್ಲು ನಂಗೇ ಗೊತ್ತಾಗ್ತಿತ್ತು ಕಣ್ ಸಾ. ಹದಿನಾಲ್ಕು ವರ್ಷದಿಂದ ಬಯ್ತಾ ಇದೀನಿ, ಒಂದಿನಾನೂ ತಿರುಗಿ ನೋಡಿಲ್ಲ."

ಎಲ್ಲರೂ ನಕ್ಕೆವು. ಅಧಿಕಾರಿಗಳೂ ನಕ್ಕರು, ಕಾಫಿ ಕುಡಿದು ಹೋದರು. ಫೆಬ್ರವರಿಯಲ್ಲಿ ಬಂದ ಆದೇಶದಲ್ಲಿ ನಗು ಇರಲಿಲ್ಲ. "ತೆಂಗಿನಕಾಯಿಯನ್ನು ಅಲ್ಲಾಡಿಸಿದಾಗ ಉಂಟಾಗುವ ಸೂಕ್ಷ್ಮ ಶಬ್ದವನ್ನು ಗ್ರಹಿಸಿ ಸೂಕ್ತವಾಗಿ ಪ್ರತಿಕ್ರಿಯಿಸಿರುತ್ತಾರೆ. ಮರುಪರೀಕ್ಷೆಯವರೆಗೆ ಗುರುತಿನ ಚೀಟಿಯನ್ನು ತಡೆಹಿಡಿಯಲಾಗಿದೆ." ಮರುಪರೀಕ್ಷೆಯ ದಿನಾಂಕ ಎಂಬಲ್ಲಿ ಒಂದು ಗೆರೆ ಎಳೆದಿತ್ತು. ಹೀಗೆ, ಎರಡೂ ಕಿವಿ ಕೇಳಿಸುವುದಿಲ್ಲವೆಂದು ಮೂರು ವರ್ಷದ ಹಿಂದೆ ಹೇಳಿದ್ದ ಆಸ್ಪತ್ರೆಯ ಯಂತ್ರಕ್ಕಿಂತ ನಮ್ಮ ಅಂಗಳದ ಕಾಯಿಯ ಸಾಕ್ಷ್ಯ ಹೆಚ್ಚಿನದಾಯಿತು. ಈ ತರ್ಕವನ್ನು ಕೊನೆಯವರೆಗೂ ನಡೆಸುವುದಾದರೆ, ಕಾಯೊಳಗಿನ ನೀರು ಕೇಳಿಸದ ಪರಿಶೀಲನಾಧಿಕಾರಿಗಳ ಹೆಸರಿಗೇ ಆ ಚೀಟಿ ವರ್ಗಾವಣೆ ಆಗಬೇಕಿತ್ತಲ್ಲವೇ?

ಮಾರ್ಚಿನಲ್ಲಿ ಮಾಯಣ್ಣ ನಿಮಗೆ ದೂರು ಬರೆದ. ಅವನೇ ಬರೆದ; ಏಳನೆಯ ತರಗತಿಯವರೆಗೆ ಓದಿದ್ದಾನೆ, ಅಕ್ಷರ ನನ್ನದಕ್ಕಿಂತ ದುಂಡಗಿದೆ. ನಾನು ವಿಳಾಸ ಮಾತ್ರ ಬರೆದೆ. ದೂರಿನಲ್ಲಿದ್ದದ್ದು ಮೂರು ವಾಕ್ಯ: "ನನಗೆ ಕೇಳಿಸುವುದಿಲ್ಲ. ಕಾಯಿ ನನ್ನ ಕೈಗೆ ಹೇಳುತ್ತದೆ. ಬಂದು ನೋಡಿದರೆ ತೋರಿಸುತ್ತೇನೆ." ಇದಕ್ಕಿಂತ ಸ್ಪಷ್ಟವಾದ ಮನವಿ ನಿಮ್ಮ ಮೇಜಿಗೆ ಬಂದಿರಲಾರದು. ನೀವು ಅದನ್ನು ರಾಜ್ಯಕ್ಕೆ ಕಳಿಸಿದಿರಿ. ರಾಜ್ಯದವರು ಜಿಲ್ಲೆಗೆ ಕಳಿಸಿದರು, ಜಿಲ್ಲೆಯವರು ತಾಲ್ಲೂಕಿಗೆ. ತಾಲ್ಲೂಕಿನವರು ತನಿಖೆ ಮಾಡಿ ವರದಿ ಕೊಡುವಂತೆ ಕಳಿಸಿದ್ದು ಯಾರಿಗೆ? ಪ್ಯಾಂಟು ಒದ್ದೆ ಮಾಡಿಕೊಂಡು ಹೋದ ಅದೇ ಅಧಿಕಾರಿಗಳಿಗೆ. ಅವರು ತಮ್ಮ ವರದಿಯನ್ನು ತಾವೇ ಕೂಲಂಕಷವಾಗಿ ಪರಿಶೀಲಿಸಿ, ಅದರಲ್ಲಿ ಯಾವ ದೋಷವೂ ಕಂಡುಬಂದಿಲ್ಲವೆಂದು ತಿಳಿಸಿದರು.

ಬೇರೆ ಬೇರೆ ದೇಶಗಳ ಕಾದಂಬರಿಗಳನ್ನು ಕನ್ನಡದಲ್ಲಿ ಓದುವ ಅಭ್ಯಾಸ ನನಗಿದೆ. ಒಬ್ಬರ ಮೇಲಿನ ದೂರನ್ನು ಅವರಿಗೇ ವಿಚಾರಣೆಗೆ ಕಳಿಸುವ ಕಚೇರಿಗಳು ಅವುಗಳಲ್ಲಿ ಬಂದಾಗ, ಇದು ಹಿಮ ಬೀಳುವ ದೇಶಗಳ ತೊಂದರೆ ಎಂದುಕೊಂಡು ಪುಟ ತಿರುಗಿಸುತ್ತಿದ್ದೆ. ಅನುವಾದಕರು ಸ್ವಲ್ಪ ಕೈಯಿಂದ ಸೇರಿಸಿರಬಹುದು ಎಂಬ ಗುಮಾನಿಯೂ ಇತ್ತು. ಆ ಅನುವಾದಕರೆಲ್ಲರ ಕ್ಷಮೆಯನ್ನು ಈ ಮೂಲಕ ಕೇಳುತ್ತೇನೆ.

ಇದರ ನಂತರದ್ದೇ ಆ ಮೂರು ಕರೆಗಳು. ದೂರು ಮುಕ್ತಾಯವಾದ ಸುದ್ದಿ ಮಾಯಣ್ಣನ ಮೊಬೈಲಿಗೆ ಮೆಸೇಜಾಗಿ ಬಂತು. ತೀರ್ಪನ್ನು ಮೆಸೇಜಿನಲ್ಲಿ ಕಳಿಸಲು ಬರುವ ಕಚೇರಿಗೆ ಪ್ರಶ್ನೆಯನ್ನೂ ಮೆಸೇಜಿನಲ್ಲೇ ಕಳಿಸಬಹುದೆಂದು ಹೊಳೆಯಲಿಲ್ಲವೇ? ನಾನು ಪತ್ರ ಬರೆದೆ. ದೂರಿಗೆ ಮತ್ತೆ ಜೀವ ಬಂತು. ಆಗಸ್ಟ್ ಇಪ್ಪತ್ತೊಂದರಂದು ಪುನಃ ಫೋನ್ ಮಾಡುವುದಾಗಿ ತಿಳಿಸಿದಿರಿ.

ಆ ದಿನ ಫೋನ್ ನಾನೇ ಎತ್ತಿದೆ. ಮಾಡಿದ ಹೆಣ್ಣುಮಗಳು ಒಳ್ಳೆಯ ಕನ್ನಡದಲ್ಲಿ, ತಾಳ್ಮೆಯಿಂದ ಮಾತಾಡಿದಳು. ಅವಳ ಮೇಲೆ ಕ್ರಮ ಕೈಗೊಳ್ಳಬೇಡಿ. ದೂರುದಾರರ ಹತ್ತಿರವೇ ಮಾತಾಡಬೇಕು ಎಂದಳು. ಅವರಿಗೆ ಕೇಳಿಸುವುದಿಲ್ಲ, ದೂರೇ ಅದು ಎಂದೆ. "ಅದು ಗೊತ್ತು ಮೇಡಂ. ಆದ್ರೆ ಅವ್ರೇ ಹೇಳ್ಬೇಕು, ಹಂಗಿದೆ ಇಲ್ಲಿ," ಎಂದಳು. ಗಮನಿಸಿ: ಮಾಯಣ್ಣ ಉತ್ತರ ಕೊಟ್ಟರೆ ಅವನಿಗೆ ಕೇಳಿಸುತ್ತದೆಂದು ಸಾಬೀತು, ಕೊಡದಿದ್ದರೆ ದೂರು ಮುಕ್ತಾಯ. ಇಷ್ಟು ಅಚ್ಚುಕಟ್ಟಾದ ಬಾಗಿಲನ್ನು, ಎರಡೂ ಕಡೆಯಿಂದ ಚಿಲಕ ಬೀಳುವಂಥದ್ದನ್ನು, ಯಾವ ಬಡಗಿ ಮಾಡಿಕೊಟ್ಟ?

ಫೋನನ್ನು ಮಾಯಣ್ಣನ ಕೈಗೆ ಕೊಟ್ಟೆ. ಅವಳ ಮಾತು ಸ್ಪೀಕರಿನಲ್ಲಿ ಗುಂಯ್‌ಗುಡುತ್ತಿತ್ತು. ಅವನು ಅದನ್ನು ಎರಡೂ ಅಂಗೈಗಳ ನಡುವೆ, ಎದೆಯ ಮಟ್ಟದಲ್ಲಿ ಹಿಡಿದು ಒಂದು ಸಲ ಕುಲುಕಿದ. ನನಗೆ ವಾಪಸು ಕೊಟ್ಟು, ಬಹಳ ಗಂಭೀರವಾಗಿ ಅಂಗೈ ತೂಗಿದ. ಧನಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಏನಂದ್ರು ಮೇಡಂ?"

"ಒಳಗೆ ಇನ್ನೂ ನೀರಿದೆಯಂತೆ."

"ಅದನ್ನ ಏನಂತ ಬರ್ಕೊಳ್ಳಲಿ ಮೇಡಂ?"

ಏನೆಂದು ಬರೆದುಕೊಂಡಳೋ ತಿಳಿಯದು. ಸೆಪ್ಟೆಂಬರ್ ಎರಡರಂದು ನಿಮ್ಮಿಂದ ಪತ್ರ ಬಂತು. ಸಂಬಂಧಪಟ್ಟವರು ಪರಿಶೀಲಿಸುವಂತೆ ಶಿಫಾರಸು ಮಾಡಲಾಗಿದೆ, ಶಿಫಾರಸು ಮಾಡುವುದಷ್ಟೇ ಈ ಕಚೇರಿಯ ವ್ಯಾಪ್ತಿ ಎಂದು ಅದರಲ್ಲಿತ್ತು. ಲಕೋಟೆಯ ಮೇಲೆ ಹಕ್ಕುಗಳ ರಕ್ಷಣೆ ಎಂದು ಮುದ್ರಿಸಿದೆ. ಹಕ್ಕು ಮತ್ತು ಶಿಫಾರಸು ಒಂದೇ ಲಕೋಟೆಯಲ್ಲಿ ಹೇಗೆ ಹಿಡಿಸಿದವು ಎಂದು ನಾನು ಎರಡು ದಿನ ಯೋಚಿಸಿದೆ. ಮಳೆ ಬಂದಾಗ ನೆನೆಯದಿರುವಂತೆ ಶಿಫಾರಸು ಮಾಡುವ ವಸ್ತುವನ್ನು ನಾವು ಕೊಡೆ ಎನ್ನುವುದಿಲ್ಲ.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೂ ಸಿಗದಿರುವುದೇ ನನಗೆ ಹೆದರಿಕೆ. ಎಲ್ಲರೂ ತಮ್ಮ ವ್ಯಾಪ್ತಿಯಲ್ಲಿ ನಡೆದುಕೊಂಡಿದ್ದಾರೆ. ಮಾಯಣ್ಣ ಮಾತ್ರ ಯಾರ ವ್ಯಾಪ್ತಿಗೂ ಬಂದಿಲ್ಲ. ಆದ್ದರಿಂದ ನನ್ನ ಬೇಡಿಕೆ ನಿಮ್ಮ ವಿರುದ್ಧವಲ್ಲ, ನಿಮಗಾಗಿ. ನಿಮಗೆ ಆದೇಶ ಕೊಡುವ ಅಧಿಕಾರ ಬೇಕು, ಅದನ್ನು ನೀವೇ ಮೇಲಿನವರಲ್ಲಿ ಗಟ್ಟಿಯಾಗಿ ಕೇಳಬೇಕು. ದೂರಿನಲ್ಲಿ ಹೆಸರಿರುವ ಕೈಗೆ ಆ ದೂರು ಮತ್ತೆ ಹೋಗಕೂಡದು. ತನಿಖೆಗೆ ನಿಮ್ಮದೇ ಜನ ಬೇಕು. ಕೇಳಿಸದವರ ವಿಚಾರಣೆ ಬರಹದಲ್ಲೋ ಸಂಜ್ಞೆಯಲ್ಲೋ ನಡೆಯಬೇಕು. ನಿಮ್ಮ ಮೇಜುಗಳ ಹಿಂದೆ ಕೇಳಿಸದವರೂ ಕಣ್ಣು ಕಾಣದವರೂ ಕೂತಿರಬೇಕು. ಅಂಥ ಒಬ್ಬರಿದ್ದಿದ್ದರೆ ಜುಲೈ ಎಂಟರ ಎರಡನೆಯ ಕರೆಯನ್ನಾದರೂ ತಡೆಯುತ್ತಿದ್ದರು. ಇದೆಲ್ಲ ಆಗಲು ಕಾಲ ಬೇಕೆಂದು ಬಲ್ಲೆ. ಹನ್ನೊಂದು ತಿಂಗಳು ಅಟ್ಟದ ಕೆಳಗೆ ಕಾಯುವವರಿಗೆ ನೀವು ತಾಳ್ಮೆಯ ಪಾಠ ಹೇಳಬೇಕಾಗಿಲ್ಲ.

ಆದರೆ ಒಂದು ಕೆಲಸ ಕಾಯಲಾರದು. ಈ ತಿಂಗಳ ಮೂವತ್ತರೊಳಗೆ ಮಾಯಣ್ಣನ ಕಿವಿಯನ್ನು ಕಿವಿ ಪರೀಕ್ಷಿಸುವ ಯಂತ್ರದಿಂದಲೇ ಮರುಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಚೀಟಿಯನ್ನು ಅವನಿಗೆ ಹಿಂತಿರುಗಿಸಿ. ಪತ್ರವನ್ನು ನೇರವಾಗಿ ಅವನ ಹೆಸರಿಗೇ ಕಳಿಸಿ. ಬಂದ ಲಕೋಟೆಯನ್ನು ಅವನು ಒಡೆಯುವ ಮೊದಲು ಎರಡೂ ಅಂಗೈಗಳ ನಡುವೆ ಹಿಡಿದು ಒಮ್ಮೆ ಕುಲುಕುತ್ತಾನೆ, ನನಗೆ ಗೊತ್ತು. ಈ ಸಲ ಅವನು ಗೆಣ್ಣಿನಿಂದ ಎರಡು ಸಲ ಕುಟ್ಟುವಂತಾಗಲಿ.

ಇಂತಿ,
ಎರಡೂ ಕಿವಿ ನೆಟ್ಟಗಿದ್ದು, ಹೋದ ವರ್ಷ ಒಂದರಲ್ಲೇ ಹದಿಮೂರು ಕಾಯಿಗಳನ್ನು ಅವಧಿಗೆ ಮುಂಚೆ ಒಡೆಸಿದ,
ಸುವರ್ಣಮ್ಮ
ತಿಪಟೂರು ತಾಲ್ಲೂಕು