ಏಳನೇ ಅಧ್ಯಾಯದಲ್ಲಿ ಕೆಟ್ಟ ಗಂಟಲು

ಪುಸ್ತಕದಂಗಡಿಯ ಗಲ್ಲಾ ಮೇಜಿನಿಂದ,
ಭಾನುವಾರ, ಮಾರ್ಚ್ 9

ನನ್ನ ಮುದ್ದು ಸೊಸೆಗೆ ನಿನ್ನ ಅತ್ತೆಯ ಆಶೀರ್ವಾದ.

ಬೆನ್ನುನೋವು ಹೇಗಿದೆ? ಕುರ್ಚಿಗೆ ದಿಂಬು ಇಟ್ಟುಕೊಂಡು ಕೂರು ಅಂದಿದ್ದೆ, ಕೂರುತ್ತಿದ್ದೀಯೋ ಇಲ್ಲವೋ. ನನ್ನ ಮಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆಂದು ಗೊತ್ತು, ಅವನನ್ನು ವಿಚಾರಿಸುವುದಿಲ್ಲ. ಪುಸ್ತಕ ಕಂಡರೆ ಆಕಳಿಸುವವನಿಗೆ ಕಾದಂಬರಿ ಬರೆಯುವ ಹೆಂಡತಿ ಸಿಕ್ಕಿದ್ದು ಅವನ ಪುಣ್ಯವಲ್ಲ, ನನ್ನ ಪುಣ್ಯ. ನನ್ನ ಕಣ್ಣು ಈಗ ಚೆನ್ನಾಗಿದೆ. ಆಪರೇಷನ್ ಆದ ಮೇಲೆ ಕಪಾಟಿನ ಮೇಲಿನ ಸಾಲಿನ ಧೂಳೂ ಕಾಣುತ್ತಿದೆ, ಅದೊಂದು ಹೊಸ ತಲೆನೋವು.

ನಿನ್ನ ಫೋನು ಬಂದ ದಿನದಿಂದ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಪುಸ್ತಕ ಖರ್ಚಾಗುತ್ತಿಲ್ಲ, ಉಳಿದ ಪ್ರತಿಗಳನ್ನು ಪ್ರಕಾಶಕರು ರದ್ದಿಗೆ ಹಾಕುತ್ತಾರಂತೆ, ಇನ್ನು ನಾನು ಬರೆಯುವುದಿಲ್ಲ ಎಂದೆಯಲ್ಲ. ಫೋನಿಟ್ಟ ಮೇಲೆ ಸಿಟ್ಟು ಬಂತು. ನಾನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ರಜೆ ಹಾಕಿ ಬಂದು ಅಂಗಡಿ ನೋಡಿಕೊಂಡವಳು ನೀನು. ಬಂದವರಿಗೆಲ್ಲ ಬೇರೆ ಲೇಖಕರ ಪುಸ್ತಕಗಳನ್ನು ಕೈಗಿಟ್ಟು, ಎರಡು ಮಾತು ಹೇಳಿ ಮಾರಿದೆ. ನಿನ್ನದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಯಾಕೆ ಎಂದರೆ, "ನನ್ನದನ್ನ ನಾನೇ ಹೊಗಳಿದ್ರೆ ಅಂಗಡಿ ಮಾತಿಗೆ ಬೆಲೆ ಇರಲ್ಲ ಅತ್ತೆ" ಅಂದೆ. ನೀನು ಹೋದ ಸಭೆಗಳಲ್ಲೆಲ್ಲ ನಿಮ್ಮ ಬೀದಿಯ ಪುಸ್ತಕದಂಗಡಿಯಲ್ಲೇ ಕೇಳಿ ಕೊಳ್ಳಿ ಎಂದು ಸಾರಿದೆ. ಆ ಮಾತು ಕೇಳಿ ಎಷ್ಟೋ ಊರುಗಳಲ್ಲಿ ನಮ್ಮಂಥ ಸಣ್ಣ ಅಂಗಡಿಗಳಿಗೆ ಹೊಸಬರು ಕಾಲಿಟ್ಟರು. ಅಂಥವಳ ಪುಸ್ತಕ ರದ್ದಿಗೆ ಹೋಗುವುದಾದರೆ ನಾವು ಅಂಗಡಿಯವರು ಇದ್ದೂ ಏನು ಪ್ರಯೋಜನ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಒಟ್ಟಿಗೇ ಬರಲಿ ಎಂದು ಟೊಂಕ ಕಟ್ಟಿದೆ.

ಮರುದಿನ ಸಂಜೆಯೇ ಅಂಗಡಿಯಲ್ಲಿ ನಿನ್ನ ಕಾದಂಬರಿಯನ್ನು ಗಟ್ಟಿಯಾಗಿ ಓದಲು ಶುರು ಮಾಡಿದೆ. ರುಚಿ ಹತ್ತಿದರೆ ಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ರುಚಿಯೇನೋ ಹತ್ತಿತು. ಪಕ್ಕದ ದರ್ಜಿ ಬಂದ, ಎದುರಿನ ಔಷಧಿ ಅಂಗಡಿಯವನು ಸ್ಟೂಲು ಹೊತ್ತುಕೊಂಡೇ ಬಂದ, ನಿವೃತ್ತ ಮೇಷ್ಟ್ರು ದಿನಾ ಮುಂದಿನ ಸಾಲು ಹಿಡಿದರು. ಆದರೆ ಒಬ್ಬರೂ ಕೊಳ್ಳಲಿಲ್ಲ. ನಾನೇ ಬಿಟ್ಟಿಯಾಗಿ ಓದಿ ಹೇಳುತ್ತಿರುವಾಗ ಯಾಕೆ ಕೊಳ್ಳುತ್ತಾರೆ? ಇಷ್ಟು ವರ್ಷ ಪುಸ್ತಕ ಮಾರಿದವಳ ಬುದ್ಧಿ ನೋಡು. ಕೊನೆಗೆ ಏಳನೇ ಅಧ್ಯಾಯದಲ್ಲಿ, ಗಡಿಯಾರ ರಿಪೇರಿ ಮಾಡುವ ನಿನ್ನ ನಾಯಕಿ, ಮನೆ ಬಿಟ್ಟುಹೋದ ತಂಗಿಯ ಪೆಟ್ಟಿಗೆಯ ಬೀಗ ತೆಗೆಯುವ ಹೊತ್ತಿಗೆ ಸರಿಯಾಗಿ, ನನ್ನ ಗಂಟಲು ಕೈಕೊಟ್ಟಿತು. ಮರುದಿನ ಸ್ವರವೇ ಇಲ್ಲ. ಕೈಸನ್ನೆಯಲ್ಲಿ ಪುಸ್ತಕದ ರಾಶಿ ತೋರಿಸಿದೆ. "ಪೆಟ್ಟಿಗೇಲಿ ಏನಿತ್ತು ಅಂತ ಗೊತ್ತಾಗದೆ ರಾತ್ರಿ ನಿದ್ದೇನೇ ಬರಲಿಲ್ಲ" ಎಂದು ಗೊಣಗುತ್ತ ದರ್ಜಿ ಒಂದು ಪ್ರತಿ ಕೊಂಡ. ನನಗೆ ಮಾತ್ರೆ ಕೊಡುತ್ತೇನೆಂದು ಬಂದ ಔಷಧಿಯವನು ಮಾತ್ರೆ ಮರೆತು ಪುಸ್ತಕ ಹಿಡಿದುಕೊಂಡು ಹೋದ.

ಆಮೇಲೆ ನಾನು ಜಾಣೆಯಾದೆ. ಹೊಸ ಕೇಳುಗರು ಬಂದಾಗಲೂ ಗಂಟಲು ಅಲ್ಲೇ ಕೆಡುತ್ತದೆ. ಬೇರೆ ಊರುಗಳ ಅಂಗಡಿಯವರಿಗೂ ಫೋನು ಮಾಡಿ ಗುಟ್ಟು ಹೇಳಿಕೊಟ್ಟೆ: ಓದಿ, ಏಳನೇ ಅಧ್ಯಾಯದಲ್ಲಿ ಗಂಟಲು ಕೆಡಿಸಿಕೊಳ್ಳಿ. ಸಭೆಗಳಲ್ಲಿ ನೀನು ತಮ್ಮ ಪರವಾಗಿ ಆಡಿದ ಮಾತನ್ನು ಅವರ್ಯಾರೂ ಮರೆತಿರಲಿಲ್ಲ, ಕೇಳಿದ ಕೂಡಲೇ ಒಪ್ಪಿದರು. ಮೊನ್ನೆ ಪ್ರಕಾಶಕರ ಕಡೆಯವನು ಉಳಿದ ಪ್ರತಿಗಳನ್ನು ವಾಪಸು ಒಯ್ಯಲು ಖಾಲಿ ಪೆಟ್ಟಿಗೆ ಹಿಡಿದು ಬಂದಿದ್ದ. ಉಳಿದಿದ್ದರೆ ತಾನೇ ಒಯ್ಯುವುದು. ಗೋದಾಮಿನಲ್ಲಿರುವುದಕ್ಕೂ ಸಣ್ಣ ಅಂಗಡಿಗಳಿಂದಲೇ ಬೇಡಿಕೆ ಬರುತ್ತಿದೆ, ರದ್ದಿಯ ಮಾತು ನಿಂತಿದೆ ಎಂದು ಅವನೇ ಬಾಯಿಬಿಟ್ಟು ಹೇಳಿದ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, "ಬರೆದೋಳು ನಮ್ಮ ಸೊಸೆ" ಎಂದು ಅವನಿಗೆ ಗೊತ್ತಿದ್ದುದನ್ನೇ ಮೂರು ಸಲ ಹೇಳಿದೆ. ಪಾಪ, ಮೂರು ಸಲವೂ ತಲೆಯಾಡಿಸಿದ.

ಗಿರಾಕಿ ಬಂದರು, ನಿಲ್ಲಿಸುತ್ತೇನೆ. ನಿನ್ನ ಕೈಗೆ ಬಲವಿರಲಿ, ಮನೆಯಲ್ಲಿ ನಗುವಿರಲಿ. ಆಶೀರ್ವಾದದಲ್ಲಿ ಒಂದಿಷ್ಟು ನನ್ನ ಮಗನಿಗೂ ಕೊಡು.

ಇಂತಿ, ನಿನ್ನ ಅತ್ತೆ,
ಪುಸ್ತಕದಂಗಡಿಯವಳು

ಮರೆತೇಬಿಟ್ಟಿದ್ದೆ: ನಿನ್ನ ನಾಯಕಿ ನಿಲ್ದಾಣದಲ್ಲಿ ಕಾಯುತ್ತಾಳೆ, ರೈಲು ಬರುತ್ತದೆ, ಪುಸ್ತಕ ಮುಗಿಯುತ್ತದೆ. ತಂಗಿ ಇಳಿದಳು ಅಂತ ದರ್ಜಿ, ಇಳಿಯಲಿಲ್ಲ ಅಂತ ಮೇಷ್ಟ್ರು, ದಿನಾ ಅಂಗಡಿಯಲ್ಲಿ ಜಗಳ. ನಿನ್ನೆ ತಡೆಯಲಾರದೆ, "ಅದು ಮುಂದಿನ ಪುಸ್ತಕದಲ್ಲಿದೆ, ಸೊಸೆ ಬರೀತಿದ್ದಾಳೆ" ಅಂದುಬಿಟ್ಟೆ. ಜಗಳ ನಿಂತಿತು, ಇಬ್ಬರೂ ನನಗೊಂದು ನನಗೊಂದು ಎಂದು ಹೇಳಿಟ್ಟು ಹೋದರು. ಗಂಟಲಿನ ವಿಷಯ ಬಿಟ್ಟರೆ ಗಿರಾಕಿಗಳಿಗೆ ನಾನು ಎಂದೂ ಸುಳ್ಳು ಹೇಳಿದವಳಲ್ಲ. ಇದನ್ನು ನಿಜ ಮಾಡುವುದು ನನ್ನ ಕೈಯಲ್ಲಿಲ್ಲ ಮಗಳೇ, ನಿನ್ನ ಕೈಯಲ್ಲಿದೆ.